ಕೋಡಿ ಇಲ್ಲದ ಕೆರೆ ಕಟ್ಟಬೇಡಿ

1/7
ಹೋದ ವಾರ ನಮ್ಮನೆ ಟ್ಯಾಂಕ್ ಫೋಟೋ ಹಾಕಿದ್ದೆ. "ಮಗಾ ಸೂಪರ್, ಲೈಟ್ ಯಾವುದು, ಮೀನು ಎಲ್ಲಿ ತಗೊಂಡೆ?" ಅಂತ ಎಲ್ಲರೂ ಕೇಳಿದ್ರಿ. ಹಿಂದೆ ಇರೋ ಪೈಪ್ ಬಗ್ಗೆ ಒಬ್ಬರೂ ಕೇಳಲಿಲ್ಲ. ಅದಕ್ಕೇ ಈ ಸಲ ಮೀನಿನ ಫೋಟೋ ಒಂದೂ ಇಲ್ಲ, ಬರೀ ಪೈಪ್. "ದೊಡ್ಡ ಟ್ಯಾಂಕ್‌ಗೂ ಒಂದೇ ಡ್ರೈನ್ ಪೈಪ್ ಸಾಕು" ಅನ್ನೋ ಮಾತಿದೆಯಲ್ಲ, ಅದು ಸುಳ್ಳು. ಅದನ್ನ ನಂಬಿ ನಾನು ಕೆಳಗಿನ ಮನೆಯವರ ಸೀಲಿಂಗ್ ಹಾಳು ಮಾಡಿದೀನಿ.

2/7
ಗೊತ್ತಿಲ್ಲದವರಿಗೆ: ಟ್ಯಾಂಕ್ ಕೆಳಗೆ ಕ್ಯಾಬಿನೆಟ್ ಒಳಗೆ ಇನ್ನೊಂದು ತೊಟ್ಟಿ ಇರುತ್ತೆ. ಅದಕ್ಕೂ ಸಂಪ್ ಅಂತಲೇ ಹೆಸರು, ಅಂಗಳದ ಸಂಪ್ ಅಲ್ಲ. ಮೇಲಿನ ನೀರು ಓವರ್‌ಫ್ಲೋ ಬಾಕ್ಸ್‌ನ ಅಂಚು ದಾಟಿ ಪೈಪ್‌ನಲ್ಲಿ ಸಂಪ್‌ಗೆ ಇಳಿಯುತ್ತೆ, ಫಿಲ್ಟರ್ ಆಗಿ, ಪಂಪ್ ಮೂಲಕ ವಾಪಸ್ ಹತ್ತುತ್ತೆ. ಹತ್ತೋದು ಮೋಟರ್ ಬಲದಿಂದ, ಇಳಿಯೋದು ತನ್ನ ಭಾರದಿಂದ. ಇಳಿಯೋ ದಾರಿ ಕಟ್ಟಿಕೊಂಡ್ರೆ ಮೋಟರ್‌ಗೆ ಗೊತ್ತಾಗಲ್ಲ. ಅದು ನೀರೆತ್ತುತ್ತಲೇ ಇರುತ್ತೆ.

ನಮ್ಮನೇಲಿ ದಾರಿ ಕಟ್ಟಿದ್ದು ಒಂದು ಬಸವನಹುಳು. ರಾತ್ರಿ ಎಲ್ಲರೂ ಮಲಗಿದ್ವಿ. ಸಂಪ್‌ನ ಪಂಪ್ ಇರೋ ಭಾಗದಲ್ಲಿ 60 ಲೀಟರ್ ಇತ್ತು, ಮೇಲೆ ಜಾಗ ಇದ್ದದ್ದು 20 ಲೀಟರ್‌ಗೆ. ಉಳಿದ 40 ಲೀಟರ್ ಹಾಲ್‌ನಲ್ಲಿ. ಎಕ್ಸ್‌ಟೆನ್ಷನ್ ಬಾಕ್ಸ್ ನೆಲದ ಮೇಲೇ ಇತ್ತು. ಅಪ್ಪ ಬರಿಗಾಲಲ್ಲಿ ನೀರಿಗಿಳಿದು ಅದರ ಸ್ವಿಚ್‌ಗೆ ಕೈ ಚಾಚಿದ್ರು, ಅಮ್ಮ ಕಿರುಚಿಕೊಂಡು ಮೇನ್ ಆಫ್ ಮಾಡಿದ್ರು. ಬೆಳಿಗ್ಗೆ ಕೆಳಗಿನ ಮನೆ ಆಂಟಿ ಬಂದ್ರು. ಅವರ ಮಗಳ ಪಿಯುಸಿ ನೋಟ್ಸ್ ನೆನೆದು ಮುದ್ದೆಯಾಗಿತ್ತು. ಪರೀಕ್ಷೆಗೆ ಹದಿನೈದು ದಿನ. ಮೂರು ಚಾಪ್ಟರ್ ನಾನೇ ಕೂತು ಬರೆದುಕೊಟ್ಟೆ. ಆದ್ರೂ ಆ ಹುಡುಗಿ ಮುಖ ನೋಡೋಕೆ ಇವತ್ತಿಗೂ ನಾಚಿಕೆ.

3/7
ನಮ್ಮೂರ ಕೆರೆ ನೋಡಿ. ತೂಬೂ ಇದೆ, ಕೋಡಿಯೂ ಇದೆ. ತೂಬನ್ನ ಬೇಕಾದಾಗ ತೆಗೀತಾರೆ, ಬೇಡದಾಗ ಮುಚ್ತಾರೆ. ಕೋಡಿಗೆ ಬಾಗಿಲೇ ಇಲ್ಲ. ನೀರು ಜಾಸ್ತಿ ಆದ್ರೆ ಯಾರನ್ನೂ ಕೇಳದೆ ಹರಿದು ಹೋಗಲಿ, ಏರಿ ಉಳೀಲಿ ಅಂತ. ಕೆರೆ ಕಟ್ಟಿದವರಿಗೆ ಗೊತ್ತಿದ್ದದ್ದು ನಮಗೆ ಗೊತ್ತಿಲ್ವಾ? ಮನೆ ಮೇಲಿನ ನೀರಿನ ಟ್ಯಾಂಕಿಗೂ ಓವರ್‌ಫ್ಲೋ ಪೈಪ್ ಇಡ್ತೀವಿ. ಹಾಲ್‌ನಲ್ಲಿರೋ 450 ಲೀಟರ್‌ಗೆ ಮಾತ್ರ ಬೇಡ್ವಾ?

4/7
ಸರಿಯಾದ ಪ್ಲಾನ್ ಇದು. ಮೊದಲ ಪೈಪ್‌ನಲ್ಲಿ ನೀರು ತುಂಬಿ ಹರಿಯುತ್ತೆ, ಗಾಳಿ ಇರಲ್ಲ, ಹಾಗಾಗಿ ಸದ್ದೂ ಇರಲ್ಲ. ಅದಕ್ಕೆ ಗೇಟ್ ವಾಲ್ವ್ ಹಾಕಿ ಅಳತೆ ಹೊಂದಿಸಿ. ಬಾಲ್ ವಾಲ್ವ್‌ನಲ್ಲಿ ಅಷ್ಟು ಸೂಕ್ಷ್ಮವಾಗಿ ತಿರುಗಿಸೋಕೆ ಕಷ್ಟ. ಎರಡನೇ ಪೈಪ್‌ನ ಬಾಯಿ ಅದಕ್ಕಿಂತ ಎತ್ತರದಲ್ಲಿ, ಸುಮ್ಮನೆ ಒಣಗಿ ನಿಂತಿರುತ್ತೆ. ಅದೇ ನಿಮ್ಮ ಕೋಡಿ. ಪಂಪ್ ಎತ್ತೋ ಅಷ್ಟೂ ನೀರನ್ನ ಅದೊಂದೇ ಇಳಿಸಬೇಕು. ಅದಕ್ಕೆ ವಾಲ್ವ್ ಹಾಕಿದ್ರೆ ಕೋಡಿಗೆ ಗೋಡೆ ಕಟ್ಟಿದ ಹಾಗೆ. ಇದನ್ನ ಹರ್ಬಿ ಅಂತಾರೆ. ಮಧ್ಯೆ ಸ್ವಲ್ಪವೇ ನೀರು ಹರಿಯೋ ಇನ್ನೊಂದು ಪೈಪ್ ಸೇರಿಸಿದ್ರೆ ಬೀನ್‌ಅನಿಮಲ್, ಇನ್ನೂ ಭದ್ರ.

5/7
ಈಗ ಕರೆಂಟ್ ಹೋಯ್ತು ಅನ್ಕೊಳ್ಳಿ. 4 ಅಡಿ ಉದ್ದ, 2 ಅಡಿ ಅಗಲದ ಟ್ಯಾಂಕ್‌ನಲ್ಲಿ ಒಂದು ಸೆಂಟಿಮೀಟರ್ ನೀರು ಅಂದ್ರೆ ಸುಮಾರು 7.4 ಲೀಟರ್. ವಾಪಸ್ ಬರೋ ಪೈಪ್‌ನ ಬಾಯಿ 5 ಸೆಂಟಿಮೀಟರ್ ಮುಳುಗಿದ್ರೆ, ನೀರು ಅದರಲ್ಲೇ ಹಿಂದಕ್ಕೆ ಎಳೆದುಕೊಂಡು 37 ಲೀಟರ್ ಸಂಪ್‌ಗೆ ಬರುತ್ತೆ. ಪೈಪ್, ಬಾಕ್ಸ್‌ನಲ್ಲಿರೋದು ಬೇರೆ. ಸಂಪ್‌ನಲ್ಲಿ 50 ಲೀಟರ್ ಜಾಗ ಸದಾ ಖಾಲಿ ಇರಲಿ. ನಾನ್ ರಿಟರ್ನ್ ವಾಲ್ವ್ ಇದೆ ಅಂತ ಧೈರ್ಯ ಬೇಡ, ಚೂರು ಕಸ ಸಿಕ್ಕಿಕೊಂಡ್ರೂ ಅದು ಮುಚ್ಚಲ್ಲ.

6/7
"ಗ್ಲಾಸ್‌ಗೆ ತೂತು ಹೊಡೆದ್ರೆ ಒಡೆಯುತ್ತೆ." ಟಫನ್ಡ್ ಗ್ಲಾಸ್ ಆದ್ರೆ ಹೌದು, ಖಂಡಿತ ಪುಡಿಯಾಗುತ್ತೆ. ಸಾದಾ ಗ್ಲಾಸ್‌ಗೆ ಡೈಮಂಡ್ ಬಿಟ್‌ನಲ್ಲಿ, ನೀರು ಹಾಕ್ತಾ ಹೊಡೀಬಹುದು. ಆರ್ಡರ್ ಕೊಡೋ ಮೊದಲೇ ತೀರ್ಮಾನ ಮಾಡಿ.
"ತೂತು ಬೇಡ, ಅಂಚಿಗೆ ನೇತುಹಾಕೋ ಸೈಫನ್ ಬಾಕ್ಸ್ ಸಾಕು." ಕರೆಂಟ್ ಹೋಗಿ ಬಂದಾಗ ಅದರಲ್ಲಿ ಗಾಳಿ ಸೇರಿರಬಹುದು. ಪಂಪ್ ಶುರುವಾಗುತ್ತೆ, ಡ್ರೈನ್ ಆಗಲ್ಲ.
"ಒಂದೇ ಪೈಪ್ ಇದೆ, ಗುಳುಗುಳು ಸದ್ದು ಬಂತು ಅಂತ ವಾಲ್ವ್ ಅರ್ಧ ಮುಚ್ಚಿದೀನಿ." ಗುರು, ಇವತ್ತೇ ತೆಗಿ. ಇದ್ದ ಒಂದೇ ದಾರಿಯನ್ನ ನೀನೇ ಕಿರಿದು ಮಾಡಿದೀಯ.
"ಖರ್ಚು ಜಾಸ್ತಿ." ಒಂದು ಟ್ಯಾಂಕ್ ನಿಪ್ಪಲ್, ಎರಡು ಬೆಂಡ್, ಐದಾರು ಅಡಿ ಪಿವಿಸಿ ಪೈಪ್. ಅರೋವಾನಾಗೆ ಕೊಡೋಕೆ ದುಡ್ಡಿದೆ, ಇದಕ್ಕಿಲ್ವಾ?

7/7
ಮೀನು ಬಿಡೋ ಮೊದಲು ಎರಡು ಪರೀಕ್ಷೆ. ಪಂಪ್ ಆಫ್ ಮಾಡಿ, ಸಂಪ್ ತುಂಬಿ ಚೆಲ್ಲುತ್ತಾ ನೋಡಿ. ಆಮೇಲೆ ಪಂಪ್ ಆನ್ ಮಾಡಿ, ಮೊದಲ ಪೈಪ್‌ನ ವಾಲ್ವ್ ಪೂರ್ತಿ ಮುಚ್ಚಿ ಹತ್ತು ನಿಮಿಷ ಪಕ್ಕದಲ್ಲೇ ನಿಲ್ಲಿ. ನೀರು ಅಂಚಿನ ಕೆಳಗೇ ನಿಂತ್ರೆ ಪಾಸ್. ಸ್ವಿಚ್ ಬೋರ್ಡ್ ನೆಲದಿಂದ ಎತ್ತರದಲ್ಲಿರಲಿ.

ಅಂಗಡಿಯವರು ಟ್ಯಾಂಕ್ ಮಾರಿ ಮರೀತಾರೆ. ರೀಲ್ಸ್ ಮಾಡೋರು ಪೈಪ್ ತೋರಿಸಲ್ಲ. ಆದ್ರೆ ರಾತ್ರಿ ಎರಡು ಗಂಟೆಗೆ ನೆಲ ಒರೆಸೋರು ನೀವೇ, ಬೆಳಿಗ್ಗೆ ಬಾಗಿಲು ತಟ್ಟೋರು ಕೆಳಗಿನ ಮನೆಯವರೇ. ಟ್ಯಾಂಕ್ ಇರೋ ಫ್ರೆಂಡ್‌ಗೆ ಇದನ್ನ ಇವತ್ತೇ ಕಳಿಸಿ. ಎಷ್ಟು ಪೈಪ್ ಇದೆ ಅಂತ ಕೇಳಿ. "ಒಂದು" ಅಂದ್ರೆ ಬಿಡಬೇಡಿ.

#ಕೋಡಿಮೊದಲು #ಮೀನುಆಮೇಲೆ