ತೊಗರಿ ರೈತನಿಗೆ ತಿಂಗಳ ಪಗಾರ ಕೇಳಿದರೆ

‘ಹನ್ನೆರಡು ಎಕರೆ ಹೊಲ ಅದರೀ ಸರ. ತಿಂಗಳಾ ಪಗಾರ ಎಲ್ಲಿಂದ ತೋರಸ್ಲಿ?’

ಜೇವರ್ಗಿ ಕಡೆಯ ಹಿರಿಯರೊಬ್ಬರ ಪ್ರಶ್ನೆಯಿದು. ಮಗಳು ಜರ್ಮನಿಯಲ್ಲಿದ್ದಾಳೆ. ಬಾಣಂತನಕ್ಕೆ ಗಂಡ–ಹೆಂಡತಿ ಹೊರಟಿದ್ದರು, ವೀಸಾ ಸಿಗಲಿಲ್ಲ. ಅವರ ಪಾಸ್‌ಬುಕ್ ನೋಡಿದೆ. ಫೆಬ್ರುವರಿಯಲ್ಲಿ ತೊಗರಿ ಮಾರಿದ ಹಣ ಒಂದೇ ಸಲಕ್ಕೆ ಜಮಾ ಆಗಿದೆ. ಆಮೇಲೆ ಬೀಜ, ಗೊಬ್ಬರ, ಆಳಿನ ಕೂಲಿ ಎಂದು ಕರಗುತ್ತ ಆಗಸ್ಟ್ ಹೊತ್ತಿಗೆ ನಾಲ್ಕಂಕಿಗೆ ಇಳಿದಿದೆ. ಅರ್ಜಿ ಹಾಕಿದ್ದು ಆಗಸ್ಟಿನಲ್ಲೇ.

ಜರ್ಮನಿಯೂ ಸೇರಿ ಯುರೋಪಿನ 29 ಷೆಂಗೆನ್ ದೇಶಗಳಿಗೆ ಒಂದೇ ವೀಸಾ. 180 ದಿನಗಳಲ್ಲಿ 90 ದಿನ ಇರಬಹುದು. 2024ರ ಜೂನ್‌ನಿಂದ ಶುಲ್ಕ 90 ಯೂರೊ. ನಿರಾಕರಿಸಿದರೆ ಆ ಹಣ ವಾಪಸಿಲ್ಲ. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆಯೂ ಬೇಕು. ಇಷ್ಟನ್ನು ನಮ್ಮವರು ಹೇಗೋ ಹೊಂದಿಸುತ್ತಾರೆ. ಸೋಲುವುದು ಬ್ಯಾಂಕ್ ಲೆಕ್ಕದಲ್ಲಿ ಮತ್ತು ಆದಾಯ ತೆರಿಗೆಯ ಕಾಗದದಲ್ಲಿ. ಕೃಷಿ ಆದಾಯಕ್ಕೆ ತೆರಿಗೆಯೇ ಇಲ್ಲದ ಮೇಲೆ ಆಳಂದ, ಅಫಜಲಪುರದ ರೈತ ರಿಟರ್ನ್ಸ್ ಎಲ್ಲಿಂದ ತರಬೇಕು?

ಕೆರಿಬಿಯನ್ ಸಮುದ್ರದ ಡೊಮಿನಿಕಾದ ಜನಸಂಖ್ಯೆ ಆಳಂದ ತಾಲ್ಲೂಕಿನಷ್ಟೂ ಇಲ್ಲ, 70 ಸಾವಿರದ ಆಸುಪಾಸು. ಅಲ್ಲಿನವರಿಗೆ 2015ರಿಂದ ಷೆಂಗೆನ್ ವೀಸಾ ಬೇಕಿಲ್ಲ. 2 ಲಕ್ಷ ಡಾಲರ್ ಕೊಟ್ಟವರಿಗೆ ಆ ದೇಶ ಪೌರತ್ವವನ್ನೇ ಕೊಡುತ್ತದೆ. ಹಣವಿದ್ದವರಿಗೆ ಹೀಗೆ ಬಾಗಿಲು ತೆರೆಯುವಾಗ, ಹೊಲವಿದ್ದವರನ್ನು ‘ವಾಪಸ್ ಹೋಗುವ ಖಾತ್ರಿಯಿಲ್ಲ’ ಎಂದು ತಡೆಯುವುದು ಅನ್ಯಾಯ. ಭೀಮಾ ದಂಡೆಯ ಹೊಲ, ಎತ್ತು, ಮನೆ ಬಿಟ್ಟು ಅರವತ್ತು ದಾಟಿದ ಈ ಮನುಷ್ಯ ಯಾರ ದೇಶದಲ್ಲಿ ಅಡಗಿ ಕೂಡುತ್ತಾನೆ?

ನನ್ನ ಕೇಳಿಕೆ ಇಷ್ಟೇ. ಪಹಣಿಯ ಇಂಗ್ಲಿಷ್ ಪ್ರತಿಯನ್ನು ದೃಢೀಕರಿಸಿ ಕೊಡುವ ಏರ್ಪಾಡು ತಹಶೀಲ್ದಾರ್ ಕಚೇರಿಯಲ್ಲೇ ಆಗಲಿ. ದೂತಾವಾಸಗಳು ರೈತನ ಖಾತೆಯನ್ನು ಇಡೀ ವರ್ಷಕ್ಕೆ ಹಿಡಿದು ನೋಡಲಿ. ಅರ್ಜಿ ಹಾಕುವವರಿಗೂ ಒಂದು ಮಾತು: ಹಿಂದಿನ ವಾರ ಕೈಗಡ ತಂದು ಖಾತೆ ತುಂಬಬೇಡಿ, ಆ ಹಣವೇ ಸಂಶಯ ಹುಟ್ಟಿಸುತ್ತದೆ. ಅಡತಿ ಅಂಗಡಿಯ ಮೂರು ವರ್ಷದ ಪಟ್ಟಿ ಜೋಡಿಸಿ ಇಡಿ. ಜರ್ಮನಿಯಲ್ಲಿರುವ ಮಕ್ಕಳು ಅಲ್ಲಿನ ವಿದೇಶಿಯರ ಕಚೇರಿಯಲ್ಲಿ ಖರ್ಚಿನ ಹೊಣೆಪತ್ರ ಬರೆದುಕೊಡಬಹುದು, ಅದನ್ನು ತರಿಸಿಕೊಳ್ಳಿ.

ಆ ಹಿರಿಯರು ತೊಗರಿ ರಾಶಿ ಮುಗಿಸಿ, ವೀಸಾ ಅರ್ಜಿ ಹಾಕಲು ಮತ್ತೆ ಬೆಂಗಳೂರಿನ ರೈಲು ಹತ್ತುತ್ತಾರಂತೆ. ಮೊಮ್ಮಗುವಿಗೆ ಆಗ ಐದು ತಿಂಗಳು.