ಹುಂಜಗಳಿಗೆ ಉತ್ತರ ಹೇಳುವವರಾರು?



ಯುಗಾದಿಯ ಮಕ್ಕಳ ಕಾರ್ಯಕ್ರಮಕ್ಕೆಂದು ಕೆಲವು ಕುಟುಂಬಗಳಿಂದ ಒಂದು ಸಲಹೆ ಬಂದಿದೆ. ಇನ್‌ಕ್ಯುಬೇಟರ್ ಒಂದನ್ನು ತಂದು, ಅದರಲ್ಲಿ ಒಂದು ಡಜನ್ ಮೊಟ್ಟೆಗಳನ್ನಿಟ್ಟು, 21 ದಿನಗಳಲ್ಲಿ ಮರಿಗಳು ಚಿಪ್ಪೊಡೆದು ಬರುವುದನ್ನು ಮಕ್ಕಳಿಗೆ ತೋರಿಸಬೇಕೆಂಬುದು ಅದರ ಸಾರ. ಸಲಹೆಯ ಹಿಂದಿರುವ ಸದುದ್ದೇಶವನ್ನು ನಾವು ಶಂಕಿಸುವುದಿಲ್ಲ. ಆದರೂ ಸಲಹೆಯನ್ನು ವಿರೋಧಿಸುತ್ತೇವೆ. ಹುಟ್ಟುವ ಮರಿಗಳಲ್ಲಿ ಸುಮಾರು ಅರ್ಧದಷ್ಟು ಹುಂಜಗಳಾಗಿರುತ್ತವೆ. ಆ ಹುಂಜಗಳ ಕುರಿತು ಸಲಹೆಯಲ್ಲಿ ಒಂದು ಮಾತೂ ಇಲ್ಲ.

ಯಂತ್ರದ ಕೆಲಸ ಸರಳವಾದುದು. ಸುಮಾರು 37.5 ಡಿಗ್ರಿ ಉಷ್ಣತೆ, ಹದವಾದ ತೇವ, ದಿನಕ್ಕೆ ಹಲವು ಬಾರಿ ಮೊಟ್ಟೆ ಹೊರಳಿಸುವುದು. 18ನೆಯ ದಿನ ಹೊರಳಿಸುವುದನ್ನು ನಿಲ್ಲಿಸಿ ತೇವವನ್ನು ಹೆಚ್ಚಿಸುವುದು. ಇವೆಲ್ಲವೂ ಕಾವಿಗೆ ಕುಳಿತ ಹೇಂಟೆಯಿಂದ ಮನುಷ್ಯ ಕಲಿತ ಪಾಠಗಳೇ. ಆದರೆ ಯಂತ್ರದ ಕರ್ತವ್ಯ ಚಿಪ್ಪೊಡೆಯುವಲ್ಲಿಗೆ ಮುಗಿಯುತ್ತದೆ, ಹೇಂಟೆಯ ಕರ್ತವ್ಯ ಅಲ್ಲಿಂದ ಆರಂಭವಾಗುತ್ತದೆ. ಮೊಟ್ಟೆಯೊಳಗಿನ ಮರಿಯ ದನಿಗೆ ಅದು ಮೊದಲೇ ಓಗೊಡುತ್ತದೆ; ಹೊರಬಂದ ಮೇಲೆ ರೆಕ್ಕೆಯಡಿ ಬೆಚ್ಚಗಿಡುತ್ತದೆ, ಕೊಕ್ಕಿನಿಂದ ಕಾಳು ತೋರಿಸಿ ಹೆಕ್ಕಲು ಕಲಿಸುತ್ತದೆ. ತಾಯಿಯಿಲ್ಲದ ಮರಿಗೆ ಮೊದಲ ವಾರ 32ರಿಂದ 35 ಡಿಗ್ರಿ ಶಾಖ ಬೇಕು. ಪುಕ್ಕ ಮೂಡುವವರೆಗೆ, ಅಂದರೆ ಐದಾರು ವಾರ, ಯಾರಾದರೂ ಅದರ ಕಾವಲಿಗಿರಬೇಕು. ಆದುದರಿಂದ 21 ದಿನಗಳ ಕಾರ್ಯಕ್ರಮವೆಂಬ ಹೆಸರೇ ತಪ್ಪು. ಹೇಂಟೆಯೊಂದು ಐದಾರು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಬದುಕುವ ಜೀವ.

ಇನ್ನು ಹುಂಜದ ವಿಚಾರ. ಯುಗಾದಿಗೆ ಹುಟ್ಟಿದ ಹುಂಜ ಬೇಸಿಗೆ ರಜೆಯ ಹೊತ್ತಿಗೆ ಕೂಗತೊಡಗುತ್ತದೆ. ಟಿಲ್‌ಬರ್ಗಿನ ರೇಸ್‌ಹೋಫ್‌ನಂತಹ ಬಡಾವಣೆಗಳಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳು, ಅಂಗೈಯಗಲದ ಹಿತ್ತಿಲುಗಳು. ಜೂನ್ ತಿಂಗಳಲ್ಲಿ ಇಲ್ಲಿ ಐದು ಗಂಟೆಗೆ ಮೊದಲೇ ಬೆಳಕು ಹರಿಯುತ್ತದೆ. ನೆರೆಯವರು ಎಷ್ಟು ದಿನ ಸಹಿಸಿಯಾರು? ಅದೇ ವೇಳೆಗೆ ನಮ್ಮಲ್ಲಿ ಅನೇಕರು ಮಕ್ಕಳೊಡನೆ ಊರಿಗೆ ಹೊರಟಿರುತ್ತೇವೆ. ಆಗ ಆ ಹುಂಜಗಳನ್ನು ಯಾರ ಬಾಗಿಲಿಗೆ ಒಯ್ಯುವುದು?

‘ಮೊಟ್ಟೆ ಕೊಟ್ಟವರಿಗೇ ಮರಿಗಳನ್ನು ಹಿಂತಿರುಗಿಸಿದರಾಯಿತು’ ಎಂಬ ಉತ್ತರ ಸಿದ್ಧವಾಗಿದೆ. ಅದು ಉತ್ತರವಲ್ಲ, ಪ್ರಶ್ನೆಯನ್ನು ಇನ್ನೊಬ್ಬರ ಅಂಗಳಕ್ಕೆ ದಾಟಿಸುವ ಉಪಾಯ. ಮೊಟ್ಟೆ ಉದ್ಯಮ ಈ ಉಪಾಯವನ್ನು ಬಹುಕಾಲದಿಂದ ನಡೆಸಿಕೊಂಡು ಬಂದಿದೆ: ಮೊಟ್ಟೆಯಿಡದ, ಮಾಂಸಕ್ಕೂ ಒದಗದ ಗಂಡು ಮರಿಗಳನ್ನು ಹುಟ್ಟಿದ ದಿನವೇ ಕೊಲ್ಲುತ್ತದೆ. ನೆರೆಯ ಜರ್ಮನಿ 2022ರ ಜನವರಿ 1ರಿಂದ ಅದನ್ನು ನಿಷೇಧಿಸಿತು. ನಾವಿರುವ ನೆದರ್ಲೆಂಡ್ಸಿನ ಪ್ರಾಣಿ ಕಾಯ್ದೆಯೂ ಪ್ರಾಣಿಗೆ ಮನುಷ್ಯನ ಉಪಯೋಗವನ್ನು ಮೀರಿದ ಸ್ವಂತ ಮೌಲ್ಯವಿದೆಯೆಂದು ಒಪ್ಪುತ್ತದೆ. ನಮ್ಮ ಮಕ್ಕಳಿಗೆ ನಾವು ಅದಕ್ಕಿಂತ ಕಡಿಮೆಯದನ್ನು ಕಲಿಸಬೇಕೆ?

ಊರಿನ ಪದ್ಧತಿ ಕರುಣಾಮಯವಾಗಿತ್ತೆಂದು ನಾವು ಹೇಳಹೊರಟಿಲ್ಲ. ಬುಟ್ಟಿಯಲ್ಲಿ ಹುಲ್ಲು ಹಾಸಿ ನಾಟಿ ಹೇಂಟೆಯನ್ನು ಕಾವಿಗೆ ಕೂರಿಸಿದ ಮನೆಯಲ್ಲೂ ಅರ್ಧ ಮರಿಗಳು ಹುಂಜಗಳೇ. ಕೆಲವನ್ನು ಹದ್ದು ಒಯ್ಯುತ್ತಿತ್ತು, ಕೆಲವನ್ನು ಮುಂಗುಸಿ ಹಿಡಿಯುತ್ತಿತ್ತು. ಉಳಿದವು ಸಂತೆಗೋ ಹಬ್ಬದ ಅಡುಗೆಗೋ ಸಲ್ಲುತ್ತಿದ್ದವು. ಕೋಳಿಯನ್ನು ಕೇಳಿ ಮಸಾಲೆ ಅರೆಯುವುದಿಲ್ಲವೆಂಬ ಗಾದೆ ಹುಟ್ಟಿದ್ದು ಅಂಥ ಮನೆಗಳಲ್ಲೇ. ಆದರೆ ಅರೆಯುವವರು ಯಾರೆಂಬುದು ಆ ಮನೆಯ ಮಕ್ಕಳಿಗೆ ಗೊತ್ತಿತ್ತು. ನಮ್ಮ ಸಂಘದಲ್ಲಿ ಮಾಂಸ ತಿನ್ನುವವರಿದ್ದಾರೆ, ತಿನ್ನದವರೂ ಇದ್ದಾರೆ. ತಿನ್ನುವವರು ಮಕ್ಕಳು ಹೆಸರಿಟ್ಟು ಮುದ್ದಿಸಿದ ಹುಂಜವನ್ನು ಕೊಯ್ಯಲು ಸಿದ್ಧರೇ? ತಿನ್ನದವರು ಅದನ್ನು ಕೊನೆಯವರೆಗೆ ಸಾಕಲು ಸಿದ್ಧರೇ? ಇಬ್ಬರೂ ಇಲ್ಲವೆನ್ನುವುದಾದರೆ ಯಂತ್ರದ ಗುಂಡಿ ಒತ್ತುವ ಅಧಿಕಾರ ನಮ್ಮಲ್ಲಿ ಯಾರಿಗೂ ಇಲ್ಲ.

ಕೋಳಿ ಸಾಕುವುದು ಹಿತ್ತಿಲಿನೊಳಗೇ ಮುಗಿಯುವ ವಿಷಯವೂ ಅಲ್ಲ. 2003ರ ಹಕ್ಕಿಜ್ವರದಲ್ಲಿ ಈ ದೇಶದಲ್ಲಿ ಸುಮಾರು 3 ಕೋಟಿ ಕೋಳಿಗಳನ್ನು ಕೊಲ್ಲಬೇಕಾಯಿತು. ಸೋಂಕಿತ ಪ್ರದೇಶಗಳಲ್ಲಿ ಹವ್ಯಾಸಕ್ಕೆ ಸಾಕಿದ ಕೋಳಿಗಳನ್ನೂ ಬಿಡಲಿಲ್ಲ. ಪಶುವೈದ್ಯರೊಬ್ಬರು ಅದೇ ಸೋಂಕಿನಿಂದ ತೀರಿಕೊಂಡರು.

ಮಕ್ಕಳು ಜೀವದ ವಿಸ್ಮಯವನ್ನು ಕಾಣಲೇಬೇಕೆಂಬ ವಾದವನ್ನು ನಾವು ಮನಃಪೂರ್ವಕ ಒಪ್ಪುತ್ತೇವೆ. ಹಾಗಾದರೆ ವಸಂತದಲ್ಲಿ, ಈಗಾಗಲೇ ಕೋಳಿ ಸಾಕಿರುವ, ಹುಂಜಕ್ಕೂ ಜಾಗವಿರುವ ರೈತರೊಬ್ಬರ ಅಂಗಳಕ್ಕೆ ಅವರನ್ನು ಕರೆದೊಯ್ಯೋಣ. ಕಾವಿಗೆ ಕುಳಿತ ಹೇಂಟೆ ದಿನಕ್ಕೊಮ್ಮೆ ಮಾತ್ರ ಎದ್ದು, ಅವಸರದಲ್ಲಿ ಉಂಡು ಮರಳುವುದನ್ನು ದೂರದಿಂದ ತೋರಿಸೋಣ. ಹುಂಜಗಳನ್ನು ಏನು ಮಾಡುವಿರೆಂದು ಮಕ್ಕಳೇ ಆ ರೈತರನ್ನು ಕೇಳಲಿ. ಉತ್ತರ ಕಹಿಯಾಗಿದ್ದರೂ ಕೇಳಿಸಿಕೊಳ್ಳಲಿ.

ಸಲಹೆಯ ಪರವಾಗಿರುವ ಕುಟುಂಬಗಳಲ್ಲಿ ನಮ್ಮ ವಿನಂತಿ ಇಷ್ಟೇ: ಮುಂದಿನ ಸಭೆಗೆ ಬರುವಾಗ ಇನ್‌ಕ್ಯುಬೇಟರಿನ ಬೆಲೆಯ ಪಟ್ಟಿಯ ಜೊತೆಗೆ ಆರು ಹುಂಜಗಳನ್ನು ಸಾಕುವ ಆರು ಮನೆಗಳ ಪಟ್ಟಿಯನ್ನೂ ತನ್ನಿ. ಆ ಎರಡನೆಯ ಪಟ್ಟಿ ಪೂರ್ಣವಾದ ದಿನ ನಮ್ಮ ವಿರೋಧವನ್ನು ಹಿಂತೆಗೆದುಕೊಳ್ಳುತ್ತೇವೆ.