ಅನ್ಯರ ವಂಶಶೋಧದ ಫಲ

ವಂಶಶೋಧವನ್ನು, ಅಂದರೆ ಒಂದು ಮನೆತನದ ಹಿರಿಯರ ಹೆಸರು, ನೆಲೆ, ನಂಟು ಮತ್ತು ವಲಸೆಯ ವಿವರಗಳನ್ನು ತಲೆಮಾರಿನಿಂದ ತಲೆಮಾರಿಗೆ ಹಿಂದಕ್ಕೆ ಹುಡುಕುತ್ತ ಹೋಗುವ ಕೆಲಸವನ್ನು, ಸಾಮಾನ್ಯವಾಗಿ ಆಯಾ ಮನೆತನದವರ ಸ್ವಂತ ವ್ಯವಹಾರವೆಂದು ತಿಳಿಯಲಾಗುತ್ತದೆ. ಆದರೆ ಈ ಕೆಲಸದ ಹೆಚ್ಚಿನ ಫಲ ದೊರೆಯುವುದು ತನ್ನ ಹಿರಿಯರನ್ನು ಹುಡುಕುವವರಿಗೋ, ಬೇರೆಯವರ ಹಿರಿಯರನ್ನು ಹುಡುಕಿಕೊಡುವವರಿಗೋ ಎಂಬ ಪ್ರಶ್ನೆಯನ್ನು ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿಟ್ಟು ನೋಡಿದರೆ ಎರಡನೆಯವರ ಪಾಲೇ ದೊಡ್ಡದೆಂದು ತೋರುತ್ತದೆ. ಆ ಫಲ ಬರಿಯ ಪುಣ್ಯವೂ ಅಲ್ಲ, ಉಪಕಾರ ಪಡೆದವರ ಕೃತಜ್ಞತೆಯೂ ಅಲ್ಲ. ಬೇರೆ ದಾರಿಯಲ್ಲಿ ದಕ್ಕದ ತಿಳಿವಳಿಕೆ ಅದು.

ಕನ್ನಡ ನಾಡಿನಲ್ಲಿ ಈ ನೆರವು ಒಂದು ಸಮುದಾಯದ ವೃತ್ತಿಯೇ ಆಗಿತ್ತು. ಹೆಳವರು ತಮ್ಮ ಒಕ್ಕಲುಗಳ, ಎಂದರೆ ವಂಶಪಾರಂಪರ್ಯವಾಗಿ ತಮ್ಮ ಪಾಲಿಗೆ ಬಂದ ರೈತ ಮನೆತನಗಳ, ಬಾಗಿಲಿಗೆ ಬಂದು ಆ ಮನೆಯ ಹಿರಿಯರ ಹೆಸರುಗಳನ್ನು ಸಾಲಾಗಿ ಹೇಳುತ್ತಿದ್ದರು; ಹೊಸದಾಗಿ ಹುಟ್ಟಿದವರ ಹೆಸರನ್ನು ಸೇರಿಸಿಕೊಳ್ಳುತ್ತಿದ್ದರು; ಪ್ರತಿಯಾಗಿ ದವಸ, ಬಟ್ಟೆ, ಕೆಲವೊಮ್ಮೆ ದನಕರುಗಳನ್ನು ಪಡೆಯುತ್ತಿದ್ದರು. ಹರಿದ್ವಾರದ ಪಂಡಾಗಳು ಯಾತ್ರಿಕರ ಮನೆತನದ ವಿವರಗಳನ್ನು ಬರೆದಿಟ್ಟ ಹೊತ್ತಿಗೆಗಳೂ ಇದೇ ಬಗೆಯವು. ಮನೆಯವರೇ ನೆನಪಿಟ್ಟುಕೊಳ್ಳಬಹುದಾದ ಸಂಗತಿಗೆ ಹೊರಗಿನವರನ್ನು ಏಕೆ ನೆಚ್ಚಬೇಕಾಯಿತು ಎಂದು ಕೇಳಿದರೆ, ಉತ್ತರ ದಾಯಾದಿಗಳ ನಡುವಿನ ಸಂಬಂಧದಲ್ಲೇ ಇದೆ. ಪಾಲುಪಾರಿಕತ್ತಿನ ನಂತರ ಒಬ್ಬೊಬ್ಬ ದಾಯಾದಿಯೂ ತನಗೆ ಅನುಕೂಲವಾದುದನ್ನು ನೆನೆದು ಉಳಿದುದನ್ನು ಮರೆಯುತ್ತಾನೆ. ಆ ಹೊಲದಲ್ಲಿ ಪಾಲಿಲ್ಲದ ಹೆಳವರಿಗೆ ಹಾಗೆ ಮರೆಯುವ ಕಾರಣವಿರಲಿಲ್ಲ. ಅರಸರಿಗಾದರೋ ಬೇರೆ ಸೌಕರ್ಯವಿತ್ತು. ಗಂಗ ದೊರೆ ಶಿವಮಾರನ ಕಾಲದ, ಕ್ರಿ.ಶ. 713ರ ಹಳ್ಳೆಗೆರೆ ತಾಮ್ರಪಟಗಳು ಇದೇ ಸೀಮೆಯ ಕೆರಗೋಡನ್ನು ಒಂದು ‘ವಿಷಯ’ವಾಗಿ, ಅಂದರೆ ಆಡಳಿತ ವಿಭಾಗವಾಗಿ, ಹೆಸರಿಸುತ್ತವೆ; ಅಂಥ ಪಟಗಳಲ್ಲಿ ದಾನದ ವಿವರಕ್ಕೂ ಮೊದಲು ದೊರೆಯ ವಂಶಾವಳಿ ಬರುವುದು ರೂಢಿ. ಅದೇ ವಿಷಯದಲ್ಲಿ ಉತ್ತವರ ವಂಶಾವಳಿಗೆ ತಾಮ್ರ ಸಿಗಲಿಲ್ಲ.

ಹೆಳವರ ಸಂಚಾರ ಈಗ ಕುಗ್ಗಿದೆ. ಅವರ ಸ್ಥಾನದಲ್ಲಿ ನಿವೃತ್ತ ಶಿಕ್ಷಕರು, ಹಳೆಯ ಕಡತಗಳ ಬರಹವನ್ನು ಓದಬಲ್ಲ ಹಿರಿಯರು, ಕಂಪ್ಯೂಟರ್ ಬಲ್ಲ ಕಿರಿಯರು ನಿಲ್ಲಬಹುದಾಗಿದೆ. ಬೆಂಗಳೂರಿಗೋ ಹೊರದೇಶಕ್ಕೋ ಹೋಗಿ ನೆಲೆಸಿದ ಕೆರಗೋಡು ಹೋಬಳಿಯ ಒಂದು ಕುಟುಂಬಕ್ಕಾಗಿ ಹುಡುಕಲು ಹೊರಟವರು ಮೊದಲು ಕೇಳಬೇಕಾದುದು ಮನೆದೇವರನ್ನು. ಮಲೆ ಮಾದಪ್ಪ, ಬೊಪ್ಪೇಗೌಡನಪುರದ ಮಂಟೇಸ್ವಾಮಿ, ಮುತ್ತತ್ತಿಯ ಆಂಜನೇಯ, ಚುಂಚನಗಿರಿಯ ಭೈರವ, ಇವರಲ್ಲಿ ಯಾರಿಗೆ ನಡೆದುಕೊಳ್ಳುತ್ತಾರೆ ಎಂಬುದು ಹಿಂದಿನ ನೆಲೆಯ ದಿಕ್ಕನ್ನು ಸೂಚಿಸಬಹುದು, ಸಾಬೀತುಪಡಿಸಲಾರದು. ಆಮೇಲೆ ಹೆಸರುಗಳ ತೊಡಕು ಎದುರಾಗುತ್ತದೆ. ಮೊಮ್ಮಗನಿಗೆ ತಾತನ ಹೆಸರಿಡುವ ರೂಢಿಯಿಂದಾಗಿ ಒಂದೇ ಹೆಸರು ತಲೆಮಾರು ಬಿಟ್ಟು ತಲೆಮಾರು ಮರಳುತ್ತದೆ, ಒಂದೇ ಕಾಲದ ಇಬ್ಬರನ್ನು ‘ದೊಡ್ಡ’, ‘ಚಿಕ್ಕ’, ‘ಕರಿ’, ‘ಕೆಂಪು’ ಎಂಬ ಪೂರ್ವಪದಗಳಷ್ಟೇ ಬೇರ್ಪಡಿಸುತ್ತವೆ. ಸೋದರಮಾವನ, ಸೋದರತ್ತೆಯ ಮಕ್ಕಳೊಡನೆ ನಡೆದ ಮದುವೆಗಳಿಂದ ಕವಲೊಡೆದ ಕೊಂಬೆಗಳು ಮತ್ತೆ ಕೂಡಿಕೊಳ್ಳುತ್ತವೆ.

ದಾಖಲೆಗಳ ಓದು ಇದಕ್ಕಿಂತ ಫಲವತ್ತಾದುದು. ಮಂಡ್ಯ 1939ರಲ್ಲಷ್ಟೇ ಪ್ರತ್ಯೇಕ ಜಿಲ್ಲೆಯಾದುದರಿಂದ ಅದಕ್ಕೂ ಹಿಂದಿನ ಕಾಗದಪತ್ರಗಳನ್ನು ಮೈಸೂರಿನಲ್ಲೂ ಅರಸಬೇಕಾಗುತ್ತದೆ. 1961ರ ಕಾಯಿದೆಯಿಂದ ಪಟೇಲ, ಶಾನುಭೋಗರ ವಂಶಪಾರಂಪರ್ಯ ಹುದ್ದೆಗಳು ರದ್ದಾದವು. ಅವರ ಬರಹದ ಲೆಕ್ಕಗಳ ನಂತರ ಪಹಣಿ ಮತ್ತು ಮ್ಯುಟೇಷನ್ ವಹಿಗಳು, ಎಂದರೆ ಜಮೀನಿನ ಹಕ್ಕುದಾರರನ್ನೂ ಆ ಹಕ್ಕು ಒಬ್ಬರಿಂದ ಒಬ್ಬರಿಗೆ ಹೋದುದನ್ನೂ ನಮೂದಿಸುವ ದಾಖಲೆಗಳು, ಮುಖ್ಯವಾಗುತ್ತವೆ. ಒಂದು ಮನೆತನದ ಕಾಗದಗಳನ್ನಷ್ಟೇ ನೋಡಿದವರಿಗೆ ಸಾಲದಿಂದ ಹೊಲ ಕಳೆದುಕೊಂಡ ಒಬ್ಬ ತಾತನ ದುಃಖ ಕಾಣುತ್ತದೆ. ನೆರೆಯ ಹತ್ತು ಮನೆತನಗಳದ್ದನ್ನು ನೋಡಿದವರಿಗೆ ಮಾತ್ರ, 1911ರಲ್ಲಿ ಆರಂಭವಾದ ಕನ್ನಂಬಾಡಿ ಅಣೆಕಟ್ಟೆ ಮತ್ತು 1930ರ ದಶಕದಲ್ಲಿ ನೀರು ಹರಿಸಿದ, ಆಗ ಇರ್ವಿನ್ ನಾಲೆಯೆನಿಸಿದ್ದ ಇಂದಿನ ವಿಶ್ವೇಶ್ವರಯ್ಯ ನಾಲೆ ಈ ಸೀಮೆಯಲ್ಲಿ ಯಾರ ಹೊಲವನ್ನು ಗದ್ದೆಯಾಗಿಸಿದವು, ಯಾರ ಊರನ್ನು ಮುಳುಗಿಸಿದವು, ಕಬ್ಬು ಮತ್ತು ಸಕ್ಕರೆ ಕಾರ್ಖಾನೆ ಬಂದ ಮೇಲೆ ಯಾರು ಕೊಂಡರು, ಯಾರು ಮಾರಿದರು ಎಂಬ ಇಡೀ ಚಿತ್ರ ತೆರೆದುಕೊಳ್ಳುತ್ತದೆ. ಅನ್ಯರ ಶೋಧಕ್ಕೆ ನೆರವಾದವರು ಊರಿನ ಚರಿತ್ರಕಾರರಾಗುವುದು ಹೀಗೆ. ತಮ್ಮ ಮನೆಯೊಂದನ್ನೇ ಅಗೆಯುತ್ತ ಕುಳಿತವರಿಗೆ ಈ ಅವಕಾಶವಿಲ್ಲ.

ಎರಡನೆಯ ಫಲ ನೈತಿಕವಾದುದು. ವಂಶಾವಳಿಯ ಆಸಕ್ತಿ ನಮ್ಮಲ್ಲಿ ಬಹುಬೇಗ ಕುಲದ ಹೆಮ್ಮೆಯಾಗಿ, ಅಲ್ಲಿಂದ ಜಾತಿಯ ಹೆಮ್ಮೆಯಾಗಿ ತಿರುಗುತ್ತದೆಂಬ ಆಕ್ಷೇಪ ಸರಿಯಾದುದೇ. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು, 949ರ ಸುಮಾರಿನ ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನನ್ನೂ ಹಂದಿಯೊಡನೆ ಹೋರಾಡಿ ಸತ್ತ ಅವನ ನಾಯಿ ಕಾಳಿಯನ್ನೂ ಹೆಸರಿಸುತ್ತದೆ. ಇಂಥ ವೀರನೊಬ್ಬ ತಮ್ಮ ಮೂಲಪುರುಷನಾಗಿರಲಿ ಎಂದು ಯಾವ ಮನೆತನವಾದರೂ ಬಯಸೀತು. ನಡುವಿನ ಸಾವಿರ ವರ್ಷಗಳಿಗೆ ಆಧಾರವಿಲ್ಲವೆಂದು ಹೇಳಲು ಮನೆಯವರಿಗಿಂತ ಹೊರಗಿನವರಿಗೆ ಸುಲಭ. ಹಲವು ಜಾತಿಗಳ ಕಾಗದಗಳನ್ನು ಓದಿದವರಿಗೆ ಎಲ್ಲ ಮನೆತನಗಳಲ್ಲೂ ಸಾಲ, ವಲಸೆ, ಬರ, ಮುಚ್ಚಿಟ್ಟ ಎರಡನೆಯ ಮದುವೆಗಳಿರುವುದು ಗೊತ್ತಾಗುತ್ತದೆ. ಗೊತ್ತಾದುದೆಲ್ಲವನ್ನೂ ಊರಿಗೆ ಹೇಳಬಾರದೆಂಬ ಸಂಯಮವೂ ಆ ತಿಳಿವಳಿಕೆಯ ಭಾಗವೇ.

ಈ ನೆರವಿನಿಂದ ನ್ಯಾಯವೂ ದೊರೆಯಬಲ್ಲದು. ಫೌತಿ ಖಾತೆಗೆ, ಅಂದರೆ ತೀರಿಕೊಂಡವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸಲು, ವಂಶವೃಕ್ಷ ಬೇಕಾಗುತ್ತದೆ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯ ಪರಭಾರೆಯನ್ನು ತಡೆಯುವ 1978ರ ಕಾಯಿದೆಯಡಿ ಕೈತಪ್ಪಿದ ಜಮೀನನ್ನು ಮರಳಿ ಕೇಳುವ ಮೊಮ್ಮಕ್ಕಳು ತಾವು ಮೂಲ ಮಂಜೂರಿದಾರರ ಸಂತತಿಯೆಂದು ತೋರಿಸಬೇಕು. ಹೆಣ್ಣುಮಕ್ಕಳ ಪ್ರಶ್ನೆ ಇನ್ನೂ ವ್ಯಾಪಕವಾದುದು. ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು ಕೊಟ್ಟಿದೆ, 2020ರಲ್ಲಿ ಸುಪ್ರೀಂ ಕೋರ್ಟು ಅದನ್ನು ಸ್ಪಷ್ಟಪಡಿಸಿದೆ; ಆದರೂ ಮನೆಯವರೇ ಬರೆಸಿದ ವಂಶವೃಕ್ಷದಲ್ಲಿ ಕೊಟ್ಟ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗುವುದುಂಟು. ಆ ಹೆಸರುಗಳನ್ನು ಕೇಳಿ ಬರೆಸುವುದು ಪಾಲಿನಲ್ಲಿ ಆಸೆಯಿಲ್ಲದ ಮೂರನೆಯವರಿಗೆ ಸಾಧ್ಯ. ತವರಿನ ಮದುವೆ, ಬಾಣಂತನ, ಸಾವುಗಳನ್ನು, ಹಿರಿಯರಿಗೆ ಎಡೆಯಿಡುವಾಗ ಯಾರಾರ ಹೆಸರು ಹೇಳುತ್ತಿದ್ದರು ಎಂಬುದನ್ನು ಚೆನ್ನಾಗಿ ಬಲ್ಲವರು ಬಹುತೇಕ ಈ ಹೆಣ್ಣುಮಕ್ಕಳೇ ಆಗಿರುವುದರಿಂದ, ನೆರವಾಗಲು ಹೊರಟವರು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಗೆ ಹೋಗುವ ಮೊದಲು ನೆರೆಯೂರಿನಲ್ಲಿರುವ ಸೋದರತ್ತೆಯ ಮನೆಗೆ ಹೋಗಿ ಕೇಳುವುದು ಒಳ್ಳೆಯದು.